ಮೂರನೆಯ ಜೀವ

ಡಿಗರಿ ಟ್ರೆಗಿಯರ್ ಹನ್ನೆರಡು ಮೈಲಿ ನಡೆದು ಹುಡುಕಿಕೊಂಡು ಬಂದ ಮುದುಕಿ ಸೇಬಿನ ಮರದ ಮೇಲಿದ್ದಳು. ವಯಸ್ಸು ಎಪ್ಪತ್ತೊಂದು, ಒಂದು ಕಾಲು ಏಣಿಯ ಮೇಲೆ, ಇನ್ನೊಂದು ಕೊಂಬೆಯ ಮೇಲೆ. ಡಿಗರಿ ಓಡಿಹೋಗಿ ಏಣಿಯನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದ.

"ಯಾರಯ್ಯಾ ನೀನು? ನನ್ನ ಏಣಿ ಯಾಕೆ ತಬ್ಕೊಂಡಿದೀಯ?"

"ಇಳೀರಿ ತಾಯಿ, ನಿಮ್ಮ ದಮ್ಮಯ್ಯ! ನೀವು ಬಿದ್ರೆ ನಾವು ಏಳು ಜನ ಬೀದಿಪಾಲು."

"ಬೆಳಿಗ್ಗೆ ಬೆಳಿಗ್ಗೇನೇ ಕುಡಿದಿದೀಯಾ?" ಎನ್ನುತ್ತ ಅರ್ಸುಲಾ ಹಾಕಿನ್ ಕೆಳಗಿಳಿದಳು. ಇಂಥ ವಿಚಿತ್ರ ಮನುಷ್ಯನನ್ನು ಹತ್ತಿರದಿಂದಲೇ ನೋಡಬೇಕಿತ್ತು ಅವಳಿಗೆ.

ಉಪ್ಪುಮೀನಿನ ವಾಸನೆಯ ಅಡುಗೆಮನೆಯಲ್ಲಿ ಕೂತು ಡಿಗರಿ ಎಲ್ಲವನ್ನೂ ಹೇಳಿದ. ಅವನ ತಾತ ಜಮೀನ್ದಾರರಿಂದ ಹೊಲ ಗೇಣಿಗೆ ಹಿಡಿದಾಗ ಕಾಗದದಲ್ಲಿ ಮೂರು ಹೆಸರು ಬರೆಸಿದ್ದ. ಆ ಮೂವರಲ್ಲಿ ಒಬ್ಬರಾದರೂ ಬದುಕಿರುವವರೆಗೆ ಹೊಲ ಟ್ರೆಗಿಯರ್ ಮನೆಯವರದು. ಕೊನೆಯವರು ಕಣ್ಣು ಮುಚ್ಚಿದ ಗಳಿಗೆಯೇ ಹೊಲ, ಮನೆ, ಬಾವಿ ಎಲ್ಲವೂ ಜಮೀನ್ದಾರರಿಗೆ ವಾಪಸ್ಸು. ಮೊದಲ ಹೆಸರು ಡಿಗರಿಯ ಚಿಕ್ಕಪ್ಪನದು. ಅವನನ್ನು ಎಂದೋ ಕಡಲು ನುಂಗಿತ್ತು. ಎರಡನೆಯದು ಅಪ್ಪನದು, ಅವನನ್ನು ಹೋದ ತಿಂಗಳಷ್ಟೇ ಮಣ್ಣು ಮಾಡಿದ್ದರು.

"ಮೂರನೇದು ನೀವು."

"ನಾನಾ? ನಿಮಗೂ ನನಗೂ ಏನಯ್ಯ ಸಂಬಂಧ?"

"ಕಾಗದ ಬರೆಯೋ ದಿನ ಚರ್ಚಿನಲ್ಲಿ ಕಮ್ಮಾರನ ಮಗೂಗೆ ಹೆಸರಿಡ್ತಿದ್ರಂತೆ. ತಲೆ ಮೇಲೆ ತಣ್ಣೀರು ಬಿದ್ದಿದ್ದೇ ತಡ, ಮಗು ಸೂರು ಹಾರಿಹೋಗೋ ಹಾಗೆ ಕಿರುಚ್ತಂತೆ. 'ಇದು ಬೇಗ ಸಾಯೋ ಪೈಕಿ ಅಲ್ಲ' ಅಂತ ತಾತ ಅದರ ಹೆಸರನ್ನೇ ಬರೆಸಿಬಿಟ್ಟ."

ಅರ್ಸುಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಬಂದ ಕಣ್ಣೀರನ್ನು ಅಂಗೈಯಿಂದ ಒರೆಸಿಕೊಂಡಳು.

"ಮೂವತ್ತಕ್ಕೆ ಸಿಡುಬು ಬಂತು," ಎಂದಳು. "ಪಾದ್ರಿ ಬಂದು ಕೊನೇ ಪ್ರಾರ್ಥನೆ ಮಾಡಿ ಹೋದ. ನಾನು ಹೋಗ್ಲಿಲ್ಲ. ಗಂಡ ಹೋದ, ಹೆತ್ತ ಐದೂ ಹೋದ್ವು, ನಾನು ಮಾತ್ರ ಹೋಗ್ಲಿಲ್ಲ. ಯಾಕೆ ಉಳಿಸಿದೀಯ ಅಂತ ದೇವರನ್ನ ಕೇಳಿ ಕೇಳಿ ಸಾಕಾಗಿ, ಕೇಳೋದನ್ನೇ ಬಿಟ್ಟಿದ್ದೆ."

ಅವಳ ಕಣ್ಣು ಡಿಗರಿಯ ಬೂಟಿನ ಮೇಲೆ ನಿಂತಿತು. ಅಂಚಿನಲ್ಲಿ ಮಣ್ಣು ಮೆತ್ತಿ ಒಣಗಿತ್ತು. ಬಗ್ಗಿ ಒಂದು ಚಕ್ಕೆ ಕಿತ್ತು ಅಂಗೈಯಲ್ಲಿಟ್ಟುಕೊಂಡಳು.

"ಇದು ಆ ಹೊಲದ್ದೇನಾ?"

"ಹೌದು ತಾಯಿ."

ಮರ ಹತ್ತಬೇಡಿ, ಚಳಿಗೆ ಹೊರಗೆ ಬರಬೇಡಿ, ಬದುಕಿದ್ದೀರೆಂದು ಪಾದ್ರಿಯಿಂದ ಒಂದು ಚೀಟಿ ಬರೆಸಿಕೊಡಿ ಎಂದೆಲ್ಲ ಡಿಗರಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಈಗ ಅದನ್ನೆಲ್ಲ ಬಿಟ್ಟು, ತನಗೇ ತಿಳಿಯದಂತೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ತಾನು ಹುಟ್ಟುವ ಮೊದಲಿನಿಂದಲೂ ಎಲ್ಲೋ ಇದ್ದುಕೊಂಡು, ತನ್ನ ಹೆಸರೂ ತಿಳಿಯದೆ ತನ್ನನ್ನು ಕಾಯುತ್ತಿದ್ದ ಜೀವ ಇದು.

"ಕರ್ಕೊಂಡು ಹೋಗು," ಎಂದಳು ಅರ್ಸುಲಾ. "ನಾನು ನೋಡ್ಬೇಕು."

ಮರುದಿನ ಮಧ್ಯಾಹ್ನ ಬಾಡಿಗೆ ಗಾಡಿ ಟ್ರೆಗಿಯರ್ ಮನೆಯ ಮುಂದೆ ನಿಂತಿತು. ಡಿಗರಿ ಮೊದಲೇ ಹೇಳಿಕಳಿಸಿದ್ದರಿಂದ ಅವನ ತಾಯಿ, ಹೆಂಡತಿ, ನಾಲ್ಕು ಮಕ್ಕಳು ಚರ್ಚಿಗೆ ಹಾಕುವ ಭಾನುವಾರದ ಬಟ್ಟೆ ತೊಟ್ಟು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ಅರ್ಸುಲಾ ಗಾಡಿಯಿಂದಿಳಿದು ಹೊಲವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನೋಡಿದಳು. ಕೊಯ್ದ ಬಾರ್ಲಿಯ ಕೂಳೆ ಬಿಸಿಲಿಗೆ ಹೊಳೆಯುತ್ತಿತ್ತು. ಅವಳನ್ನು ಏನೆಂದು ಕರೆಯಬೇಕೋ ಯಾರಿಗೂ ಗೊತ್ತಿರಲಿಲ್ಲ.

ಐದು ವರ್ಷದ ಕಿರಿಮಗಳು ಟ್ಯಾಮ್ಸಿನ್ ಸಾಲು ಬಿಟ್ಟು ಮುಂದೆ ಬಂದಳು. ಮುದುಕಿಯ ಕೈ ಜಗ್ಗಿ ಕಲ್ಲಿನ ಮೇಲೆ ಕೂರಿಸಿದಳು. ಆಮೇಲೆ ಅವಳ ಎದೆಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಆಲಿಸಿದಳು.

"ಅಮ್ಮಾ," ಎಂದಳು ತಾಯಿಯತ್ತ ತಿರುಗಿ ಪಿಸುದನಿಯಲ್ಲಿ, "ನಮ್ಮ ಮನೆ ಇವರೊಳಗೆ ಹೊಡ್ಕೊಳ್ತಾ ಇದೆ."