ಕಲ್ಲಿನ ಆಚೆ ಬದಿ

"ಮತ್ತೆ ಮರ್ತೋಯ್ತಾ, ಬೈರಮ್ನೋರೆ?" ಕರಿಬಸಪ್ಪನವರು ಬೇಸರದಿಂದ ಟೇಪ್ ರೆಕಾರ್ಡರ್ ನಿಲ್ಲಿಸಿದರು. ಐವತ್ತೇಳನೇ ಇಸವಿಯಲ್ಲಿ ಅಂಥದ್ದೊಂದು ಪೆಟ್ಟಿಗೆ ಹೊತ್ತು, ಹಳೇ ಹಾಡು ಹಿಡಿದಿಡಲು ರಾಜಾಜಿನಗರದಿಂದ ಕೆಂಗೇರಿಗೆ ಬಂದಿದ್ದರು. ಈ ಹೆಂಗಸೋ, ರಾಗಿ ಬೀಸುತ್ತ ಒಂದು ಸಾಲು ಹಾಡುವುದು, ಮರುಸಾಲಿಗೆ ಬಾಯಿ ಮುಚ್ಚಿ ಬರೀ ಕಲ್ಲು ತಿರುಗಿಸುವುದು, ಅದರ ಮುಂದಿನ ಸಾಲಿಗೆ ಮತ್ತೆ ದನಿ ಎತ್ತುವುದು; ಪದದ ಕೊನೆವರೆಗೂ ಹೀಗೇ.

ಬೈರಮ್ಮನಿಗೆ ಅವಮಾನವಾಯಿತು. "ಮರ್ತಿಲ್ಲ ಸ್ವಾಮಿ. ಆ ಸಾಲು ನನ್ ವಾರಗಿತ್ತಿ ಮುದ್ದಕ್ಕಂದು. ಕಲ್ಲಿನ ಆಚೆ ಬದಿ ಕೂತು ಅವ್ಳೇ ಹೇಳ್ತಿದ್ಲು. ಅವ್ಳು ತೀರ್ಕೊಂಡ್ಮೇಲೂ ಅವ್ಳ ಸಾಲು ಬಂದ್ರೆ ನನ್ ಬಾಯಿ ತಾನಾಗೇ ಮುಚ್ಕೊಂಡ್ಬಿಡ್ತದೆ." ಬಾಗಿಲಲ್ಲಿ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅಳಿಸುವ ಮುಂಚೆ ಒಮ್ಮೆ ಕೇಳೋಣವೆಂದು ಕರಿಬಸಪ್ಪನವರು ಟೇಪು ಹಿಂದಕ್ಕೆ ಸುತ್ತಿ ಹಾಕಿದರು.

ಪೆಟ್ಟಿಗೆಯಿಂದ ರಾಗಿಕಲ್ಲಿನ ಗುಡುಗುಡು ಬಂತು, ಹಿಂದೆಯೇ ಬೈರಮ್ಮನ ದನಿ. ಸಾಲು ಮುಗಿದು ಬರೀ ಕಲ್ಲಿನ ಸದ್ದು ಉಳಿಯುತ್ತಲೇ ಬೈರಮ್ಮ ತಟ್ಟನೆ ಎದ್ದಳು. ಕಲ್ಲಿನ ಆಚೆ ಬದಿಗೆ ಹೋಗಿ, ಮುದ್ದಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತು, ಗೂಟ ಹಿಡಿದು ಮರುಸಾಲು ಎತ್ತಿಕೊಂಡಳು. ಪೆಟ್ಟಿಗೆ ಒಂದು ಸಾಲು, ಅವಳು ಒಂದು ಸಾಲು. ಬಾಗಿಲಲ್ಲಿ ನಗು ನಿಂತಿತು. ಎಷ್ಟೋ ವರ್ಷದ ಮೇಲೆ ಪದ ಕೊನೆ ಮುಟ್ಟಿತು.

ಬೈರಮ್ಮ ಸೆರಗಿನಿಂದ ಬೆವರೊರೆಸಿಕೊಂಡು ಗತ್ತಿನಿಂದ ತಲೆಯೆತ್ತಿದಳು. "ಇನ್ನೊಂದ್ಸಲ ಹಾಕಿ ಸ್ವಾಮಿ. ಮೊರದ ತುಂಬ ರಾಗಿ ಇನ್ನೂ ಹಂಗೇ ಅದೆ!"