ಐದನೆಯ ಕೆಂಪು

ಹುಟ್ಟಿದಾಗಲೇ ಎಲ್ಲರ ಮುಂಗೈಗೆ ಕೂರಿಸುವ ಮಣಿ, ಮೈಯೊಳಗೆ ರೋಗದೊಡನೆ ಸೆಣಸುವ ರಕ್ಷಣಾ ಪಡೆ ಎಚ್ಚೆತ್ತರೆ ಕೆಂಪಾಗುತ್ತದೆ. ರೋಗ ಅಂಟೀತೆಂದು ಅಂದು ಅಡುಗೆಯವರಿಗೆ ಅಡುಗೆಮನೆಗೆ ಪ್ರವೇಶವಿಲ್ಲ, ಗೈರುಹಾಜರಿ ಬೀಳುತ್ತದೆ. ವರ್ಷಕ್ಕೆ ಐದಾದರೆ ಕೆಲಸವೇ ಹೋಗುತ್ತದೆ. ಶಾಲೆಯ ಬಿಸಿಯೂಟ ಮಾಡುವ ಫಕೀರವ್ವನಿಗೆ ಇದು ಐದನೆಯದು.

"ಮತ್ತ ಕೆಂಪ! ಮನೀಗೆ ನಡಿಯವ್ವ," ಎಂದರು ಬಾಗಿಲಿಗೆ ಅಡ್ಡ ನಿಂತ ಕಟ್ಟೀಮನಿ ಮಾಸ್ತರು.

"ಹನ್ನೆರಡು ವರ್ಷದಾಗ ಒಂದ ಗುಳಿಗಿ ತಪ್ಪಿಸಿಲ್ರಿ ಸರ. ಎಚ್‌ಐವಿ ರಕ್ತದಾಗ ಕಾಣಂಗಿಲ್ಲ ಅಂತ ಡಾಕ್ಟರ ಬರದಾರ. ಅದು ಹಿಂದ ಕೆಡಿಸಿದ ಕರುಳಿನ ಗ್ವಾಡಿ ಇನ್ನೂ ಸೋರತೈತಿ. ಹೊಟ್ಟ್ಯಾಗಿನ ಬ್ಯಾಕ್ಟೀರಿಯಾ ರಕ್ತಕ್ಕ ಇಳದ್ರ ಮೈ ಜಗಳಕ್ಕ ನಿಲ್ಲತೈತಿ, ಮಣಿ ಕೆಂಪಾಗತೈತಿ. ಯಾರಿಗೂ ಅಂಟಂಗಿಲ್ಲ."

"ಮಣಿಗೆ ಅದೆಲ್ಲಾ ತಿಳಿಯಂಗಿಲ್ಲ."

"ನಿಮಗ ತಿಳಿತೈತಲ್ರಿ?"

ಅಷ್ಟರಲ್ಲಿ ಮಾಸ್ತರೇ ಒಲೆಗಿಟ್ಟಿದ್ದ ಬೇಳೆ ಸೀದ ವಾಸನೆ ಬಂತು, ಗಾಬರಿಯಿಂದ ಒಳಗೋಡಿದರು. ಫಕೀರವ್ವ ಹೊಸ್ತಿಲಾಚೆಯೇ ನಿಂತು, "ಉರಿ ಸಣ್ಣ ಮಾಡ್ರಿ! ಮ್ಯಾಲಿಂದಷ್ಟ ಬ್ಯಾರೆ ಬೋಗಾಣಿಗೆ ಬಗ್ಗಸ್ರಿ! ತಳ ಕೆದರಬ್ಯಾಡ್ರಿ!" ಎಂದು ಕೂಗಿ ಕೂಗಿ ಇನ್ನೂರು ಮಕ್ಕಳಿಗಾಗುವಷ್ಟು ಸಾರು ಮಾಡಿಸಿದಳು.

ಊಟದ ಗಂಟೆ ಬಾರಿಸಿದ ಮೇಲೆ ಮಾಸ್ತರು ಬೆವರೊರೆಸಿಕೊಂಡು ಹಾಜರಿ ಪುಸ್ತಕ ತೆರೆದರು. ಅವಳ ಮುಖ ನೋಡದೆ, ಗೈರುಹಾಜರಿ ಎಂದು ಬರೆದರು.