ಚಾರುಮತಿಯ ಪ್ಲೇಟ್

ಹಾಲಿನ ಪ್ರೋಟೀನನ್ನು ಎನ್‌ಜೈಮ್ ಹಾಕಿ ತುಂಡರಿಸಿದರೆ ಸಿಗುವ ಪೆಪ್ಟೈಡುಗಳೆಂಬ ಚೂರುಗಳಲ್ಲಿ ಕೆಲವು ಬ್ಯಾಕ್ಟೀರಿಯಾದ ಹೊರಪೊರೆಯನ್ನು ತೂತು ಮಾಡಿ ಕೊಲ್ಲುತ್ತವೆ. ಚಾರುಮತಿ ತಯಾರಿಸಿದವು ಕೊಲ್ಲುತ್ತಿದ್ದವು, ನನ್ನವು ಕೊಲ್ಲುತ್ತಿರಲಿಲ್ಲ. ಬ್ಯಾಕ್ಟೀರಿಯಾ ಬೆಳೆಸಿದ ಅವಳ ಗಾಜಿನ ಪ್ಲೇಟಿನಲ್ಲಿ, ಅವು ಸತ್ತ ಜಾಗದಲ್ಲಿ, ಪ್ರತಿ ಸಲವೂ ಹನ್ನೆರಡು ಮಿಲಿಮೀಟರಿನ ತಿಳಿಯಾದ ವೃತ್ತ ಮೂಡುತ್ತಿತ್ತು. ನನಗಿಂತ ಎರಡು ವರ್ಷ ಚಿಕ್ಕವಳು. ನಮ್ಮ ಲ್ಯಾಬಿನ ಮೇಡಂ ಅವಳನ್ನು ಕರೆಯುವ ದನಿಯೇ ಬೇರೆ. ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

"ಅಕ್ಕ, ಎನ್‌ಜೈಮ್ ಹಾಕಿ ಇನ್ನೆರಡು ಗಂಟೆ ಜಾಸ್ತಿ ಬಿಡಿ. ಈ ಸಲ ಬಂದೇ ಬರುತ್ತೆ" ಅಂದಳು.

ಇವಳಿಂದ ನಾನು ಕಲಿಯಬೇಕೆ? ಆದರೂ ಎರಡು ಗಂಟೆ ಜಾಸ್ತಿ ಬಿಟ್ಟೆ.

ಕೊನೆಯ ಪರೀಕ್ಷೆಯ ದಿನ ಅವಳು ಊಟಕ್ಕೆ ಹೋದಾಗ ಪ್ಲೇಟಿಗೆ ಹಾಕಲು ಇಟ್ಟಿದ್ದ ನಮ್ಮಿಬ್ಬರ ಪೆಪ್ಟೈಡ್ ಟ್ಯೂಬುಗಳ ಮೇಲಿನ ಹೆಸರಿನ ಚೀಟಿಗಳನ್ನು ಅದಲುಬದಲು ಮಾಡಿದೆ.

ಮರುದಿನ ಮೇಡಂ ಪ್ಲೇಟುಗಳನ್ನು ಬೆಳಕಿಗೆ ಹಿಡಿದು ಅಳೆದರು.

"ನಿಂದು ಹನ್ನೆರಡು. ಅಂತೂ ಬಂತಲ್ಲಮ್ಮ!"

ನಾನು ನಗು ತಡೆದುಕೊಂಡೆ.

ಇನ್ನೊಂದು ಪ್ಲೇಟಿನ ಮೇಲೆ ಅವರು ಎರಡು ಸಲ ಸ್ಕೇಲು ಇಟ್ಟು ನೋಡಿದರು.

"ಚಾರುಮತಿ, ಇಪ್ಪತ್ತೆಂಟು ಕಣೇ! ಈ ಲ್ಯಾಬಲ್ಲಿ ಇಷ್ಟು ಯಾರಿಗೂ ಬಂದಿಲ್ಲ. ಈ ಸಲ ಏನು ಬೇರೆ ಮಾಡ್ದೆ, ಹೇಳು?"